ಕಸಾ ಹೊಡಿಯೋಕಿಂತ ಮೊದಲ ಹೆಜ್ಜಿ ನೋಡ್ರಿ

ಹೋದ ವಾರ ನಮ್ಮ ಓಣ್ಯಾಗ ಒಬ್ಬಾಕಿ ಮನಿ ಹಿತ್ತಲದಾಗ ರಾತ್ರೋರಾತ್ರಿ ಮೂರು ಆಡು ಸತ್ತುವು. ಸುದ್ದಿ ಕೇಳಿ ನಾ ಹೋಗೋದ್ರಾಗ ಕಸಾ ಹೊಡದು, ನೀರು ಚಿಮುಕಿಸಿ, ಎಲ್ಲಾ ಸ್ವಚ್ಛ ಮಾಡಿಬಿಟ್ಟಿದ್ಲು. "ತ್ವಾಳ ಬಂದಿತ್ತಂತ್ರಿ ವೈನಿ" ಅಂದ್ಲು. "ಯಾರು ನೋಡಿದ್ರವಾ?" ಅಂದೆ. ಯಾರೂ ನೋಡಿರಲಿಲ್ಲ. ಆದ್ರೂ ಊರೆಲ್ಲಾ ತ್ವಾಳ ತ್ವಾಳ ಅಂತ ಒಂದ ಮಾತು. ನನಗ 1981ರ ಒಂದು ರಾತ್ರಿ ನೆನಪಾತು. ಅದನ್ನ ಹೇಳೋಕಿಂತ ಮೊದಲ ಸ್ವಲ್ಪ ಹಿಂದಿನ ಕಥಿ ಹೇಳ್ತೀನಿ.

ನನ್ನ ತವರು ರಾಣೆಬೆನ್ನೂರು ಕಡೆ. ಕುರುಚಲು ಗುಡ್ಡ, ಹುಲ್ಲಿನ ಬಯಲು, ಕುರಿ, ಹತ್ತಿ ಹೊಲ. ಆ ಬಯಲಾಗ ಮೊದಲ ಚಿಗರಿ ಹಿಂಡಹಿಂಡ ಇರತಿದ್ವಂತ. ತ್ವಾಳಕ್ಕ ಚಿಗರಿ, ಮೊಲ ಇವ ಊಟ. ಬಂದೂಕಿನವರು ಬೇಟಿ ಆಡಿ ಚಿಗರಿ ಕಡಿಮಿ ಮಾಡಿದ್ರು, ಹುಲ್ಲಿನ ಬಯಲು ಸಾಗುವಳಿ ಆದುವು. ಹಸದ ತ್ವಾಳ ಕುರಿ ಕಡೆ ಬಂತು.

ನಮ್ಮ ಸೀಮಿ ಆಗ ಮುಂಬಯಿ ಪ್ರಾಂತದಾಗಿತ್ತು. ಬ್ರಿಟಿಷ್ ಸರಕಾರ ಹುಲಿ, ಚಿರತಿ, ತ್ವಾಳ ಕೊಂದವರಿಗೆ ರೊಕ್ಕದ ಇನಾಮು ಕೊಡತಿತ್ತು. 1875ರಿಂದ 1925ರೊಳಗ ಇಡೀ ದೇಶದಾಗ ಸುಮಾರು 2 ಲಕ್ಷ ತ್ವಾಳ ಹಿಂಗ ಸತ್ತುವು ಅಂತ ಮಹೇಶ್ ರಂಗರಾಜನ್ ಅನ್ನೋ ಇತಿಹಾಸಕಾರರು ಲೆಕ್ಕ ಹಾಕ್ಯಾರ. ಗುಹಿಗೆ ಹೊಗಿ ಹಾಕಿ ಮರಿಗೋಳನ್ನೂ ಕೊಂದ್ರು, ವಿಷಾನೂ ಇಟ್ರು. ಸತ್ತ ಪ್ರಾಣಿ ತೋರಿಸಿದ್ರ ಇನಾಮು ಸಿಕ್ತು. ಅದು ಯಾರ ಕುರಿ ತಿಂದಿತ್ತು, ತಿಂದಿತ್ತೋ ಇಲ್ಲೋ ಅಂತ ಕೇಳಬೇಕಾದ ಜರೂರ ಇರಲಿಲ್ಲ. ಇನಾಮು ನಿಂತ್ರೂ ಆ ರೂಢಿ ಮಾತ್ರ ನಮ್ಮ ಹಳ್ಳ್ಯಾಗ ಉಳೀತು.

1972ರಾಗ ವನ್ಯಜೀವಿ ಕಾಯ್ದೆ ಬಂತು. 1974ರಾಗ ರಾಣೆಬೆನ್ನೂರಿನ್ಯಾಗ ಚಿಗರಿ ಸಲುವಾಗಿ ಅಭಯಾರಣ್ಯ ಆತು. ಅಂದ್ರ ನಾ ಹೇಳೋ 1981ರ ಹೊತ್ತಿಗೆ ಕಾಯ್ದೆ ಬಂದು ಒಂಬತ್ತು ವರ್ಷ ಆಗಿತ್ತು. ನಮ್ಮ ಮನಿಗೆ ಮಾತ್ರ ಅದು ಇನ್ನೂ ಮುಟ್ಟಿರಲಿಲ್ಲ.

ಆಗ ನಾ ಆರನೇತ್ತಾ ಓದತಿದ್ದೆ. ಅಪ್ಪನ ಹತ್ರ 14 ಕುರಿ, ಹೊಲದ ಗುಡಿಸಲ ಬಾಜೂಕ ಜಾಲಿಮುಳ್ಳಿನ ದೊಡ್ಡಿ. ಒಂದು ಮುಂಜಾನೆ ನೋಡಿದ್ರ ಒಂಬತ್ತು ಸತ್ತು ಬಿದ್ದಾವ. ಅಕ್ಕನ ಮದುವಿಗೆ ಅಂತ ಇಟ್ಟಿದ್ದ ಕುರಿ ಅವು. ಅವ್ವ ಎದಿ ಬಡಕೊಂಡು ಅಳತಿದ್ಲು. ನೆರೆದ ಗಂಡಸರೆಲ್ಲಾ ತ್ವಾಳ ಅಂದ್ರು. ನಮ್ಮ ಆಯಿ ಒಬ್ಬಾಕಿನ ಕೋಲು ಊರಕೋತ ಒಂದೊಂದ ಕುರಿ ತಿರುವ್ಯಾಡಿ ನೋಡಿದ್ಲು. ಕಿವಿ ಹರದಿದ್ವು, ಹಿಂಗಾಲು, ಹೊಟ್ಟಿ, ಬಾಲ ಎಲ್ಲಾ ಕಡೆ ಕಚ್ಚಿದ ಗಾಯ. ಆದ್ರ ಒಂದನ್ನೂ ತಿಂದಿರಲಿಲ್ಲ, ಹೊತ್ತುಕೊಂಡೂ ಹೋಗಿರಲಿಲ್ಲ. "ಹಸದು ಬಂದದ್ದು ತಿಂದು ಹೋಗತೈತಿ. ಇದು ಆಟಕ್ಕ ಕೊಂದದ್ದು. ನಾಯಿ ಕೆಲಸ ಇದು" ಅಂದ್ಲು. ಮುದುಕಿ ಮಾತು ಯಾರು ಕೇಳ್ತಾರ?

ಮನ್ಯಾಗ ಹತ್ತಿಗೆ ಹೊಡಿಯೋ ಎಂಡ್ರಿನ್ ಎಣ್ಣಿ ಇತ್ತು. ಅಪ್ಪ ತಾನ ಕೈಯಾರೆ ಎರಡು ಸತ್ತ ಕುರಿಗೆ ಅದನ್ನ ಸುರದು ಹಳ್ಳದ ದಂಡಿಗೆ ಹಾಕಿ ಬಂದ. ಮೂರು ದಿನದಾಗ ಕಾಗಿ ಸತ್ತುವು, ರಣಹದ್ದು ಸತ್ತುವು, ಎರಡು ನರಿ ಸತ್ತುವು. ಒಂದು ಹೆಣ್ಣು ತ್ವಾಳಾನೂ ಸತ್ತಿತ್ತು, ಮೊಲಿ ತುಂಬ ಹಾಲಿತ್ತು. ಮೂರನೇ ದಿನಾ ಸಂಜಿಕ ನಮ್ಮ ಕಾಳ್ಯಾ ಬಾಯಾಗ ನೊರಿ ಸುರಿಸಕೋತ ಬಂದು ಅಪ್ಪನ ಕಾಲ ಮುಂದ ಬಿದ್ದು ಸತ್ತ. ಎಂಟು ವರ್ಷ ನಮ್ಮ ಕುರಿ ಕಾದ ನಾಯಿ ಅದು.

ಅದಾಗಿ ಹದಿನೈದು ದಿನಕ್ಕ ಇನ್ನೊಬ್ಬರ ದೊಡ್ಡ್ಯಾಗ ಗದ್ದಲ ಆತು. ಬ್ಯಾಟರಿ ಹಿಡದು ಓಡಿದವರಿಗೆ ಕಂಡದ್ದು ನಾಕು ಊರ ನಾಯಿ, ಮೂತಿಗೆಲ್ಲಾ ರಕ್ತ. ಆಯಿ ಏನೂ ಅನ್ನಲಿಲ್ಲ. ಅಪ್ಪ ಎರಡು ದಿನಾ ಊಟ ಮಾಡಲಿಲ್ಲ. ಮುಂದ ಸಾಯೋತನಕ ಆತ ನಾಯಿ ಸಾಕಲಿಲ್ಲ.

ಈಗಂತೂ ನಾಯಿ ಕಾಟ ಆಗಿಗಿಂತ ಹೆಚ್ಚು. ಅದಕ್ಕೂ ಒಂದು ಕಾರಣ ಐತಿ. 1990ರ ಸುಮಾರಿಗೆ ದನಕ್ಕ ಕೊಡೋ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧ ಬಂತು. ಅದನ್ನ ತಗೊಂಡು ಸತ್ತ ದನ ತಿಂದ ರಣಹದ್ದುಗೋಳು ಮೂತ್ರಪಿಂಡ ಕೆಟ್ಟು ಸತ್ತುವು. 2006ರಾಗ ದನಕ್ಕ ಆ ಔಷಧ ಕೊಡೋದನ್ನ ಸರಕಾರ ಬಂದ್ ಮಾಡಿತು. ಅಷ್ಟೊತ್ತಿಗೆ ಹದ್ದು ಹೋಗಿ, ಊರ ಹೊರಗ ಒಗದ ದನದ ಹೆಣ ನಾಯಿಗೋಳ ಪಾಲಾಗಿದ್ವು.

ಇನ್ನ ಆಯಿ ಕಲಿಸಿದ್ದು, ಮುಂದ ನಾನು ಓದಿ ತಿಳಕೊಂಡದ್ದು ಹೇಳ್ತೀನಿ, ನೆನಪಿಟ್ಟುಕೋರಿ. ಚಿರತಿ ಗಂಟಲ ಹಿಡಿತೈತಿ, ಅಲ್ಲಿ ಆಳವಾದ ಹಲ್ಲಿನ ತೂತು ಇರತಾವ. ಹೆಣ ಎಳಕೊಂಡು ಮರಿಗೆ ಹೋಗತೈತಿ. ಅದರ ಹೆಜ್ಜಿ ದುಂಡಗ, ಉಗುರು ಮೂಡೂದಿಲ್ಲ. ತ್ವಾಳ, ನಾಯಿ ಹೆಜ್ಜಿಗೆ ಉಗುರಿನ ಗುರುತು ಇರತೈತಿ. ತ್ವಾಳದ ಹೆಜ್ಜಿ ಉದ್ದ, ಒಂದ ಗೆರಿ ಹಿಡದಂಗ ಸಾಲಾಗಿ ಹೋಗಿರತೈತಿ. ನಾಯಿ ಹೆಜ್ಜಿ ಅಡ್ಡಾದಿಡ್ಡಿ. ಕತ್ತೆಕಿರುಬದ ಮುಂಗಾಲ ಹೆಜ್ಜಿ ಹಿಂಗಾಲಿಗಿಂತ ದೊಡ್ಡದು. ಹೆಚ್ಚಾಗಿ ಸತ್ತದ್ದನ್ನ ತಿಂತೈತಿ, ಎಲುಬೂ ಬಿಡೂದಿಲ್ಲ. ಆದ್ರ ಒಂದ ಗುರುತು ನೋಡಿ ತೀರ್ಪು ಕೊಡಬ್ಯಾಡ್ರಿ. ದೊಡ್ಡ್ಯಾಗ ಹೊಕ್ಕ ತ್ವಾಳ, ಚಿರತೀನೂ ಒಮ್ಮೊಮ್ಮೆ ನಾಕೈದು ಕೊಲ್ಲತಾವ. ಗಾಯ, ಹೆಜ್ಜಿ, ತಿಂದ ರೀತಿ ಮೂರೂ ಕೂಡಿಸಿ ನೋಡಬೇಕು.

ಯಾವುದು ಅಂತ ತಿಳಿದ್ರ ಉಪಾಯ ತಿಳೀತೈತಿ. ಚಿರತಿ ಇದ್ದಲ್ಲಿ ದೊಡ್ಡಿಗೆ ಮ್ಯಾಲೂ ಮುಚ್ಚಿಗಿ ಬೇಕು, ಬೇಲಿ ಎಷ್ಟು ಎತ್ತರ ಇದ್ರೂ ಹತ್ತತೈತಿ. ತ್ವಾಳ, ನಾಯಿಗೆ ಸಂದಿಲ್ಲದಂಗ ಬಿಗಿ ಬೇಲಿ ಬೇಕು, ಬುಡದಾಗ ಕಲ್ಲು ಇಡಬೇಕು. ಸಣ್ಣ ಮರಿ ರಾತ್ರಿ ಬುಟ್ಟ್ಯಾಗ ಮುಚ್ಚಿ ಒಳಗ ಇಡ್ರಿ. ಕುರುಬರು ತಮ್ಮ ನಾಯಿ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ತಾರ, ತ್ವಾಳ ಗಂಟಲ ಹಿಡೀಬಾರದು ಅಂತ. ಸತ್ತ ಕುರಿ, ಕೋಳಿ ಊರ ಹೊರಗ ಒಗೀಬ್ಯಾಡ್ರಿ, ಆಳವಾಗಿ ಹೂಳ್ರಿ. ವಿಷಾ ಅಂತೂ ಇಡಲೇಬ್ಯಾಡ್ರಿ. ತ್ವಾಳ, ಚಿರತಿ ಕೊಲ್ಲೋದು ಈಗ ಜೈಲಿಗೆ ಹೋಗೋ ಅಪರಾಧ. ಅದಕ್ಕಿಂತ ಹೆಚ್ಚಿಂದು, ವಿಷಕ್ಕ ಕಾಳ್ಯಾ ಯಾರು, ತ್ವಾಳ ಯಾರು ಗೊತ್ತಾಗೂದಿಲ್ಲ.

ಇನ್ನೊಂದು ಮಾತು. ಕಾಡುಪ್ರಾಣಿ ಕೊಂದ್ರ ಅರಣ್ಯ ಇಲಾಖೆಯಿಂದ ಪರಿಹಾರ ಐತಿ. ಅದಕ್ಕ ಗುರುತು ಬೇಕು, ಪಶುವೈದ್ಯರ ವರದಿ ಬೇಕು. ದೊಡ್ಡಿ, ಹಿತ್ತಲ ಕಸಾ ಹೊಡಿಯೋರು ನಾವ ಅಲ್ಲೇನ್ರವಾ? ಮುಂಜಾನೆ ಹೆಜ್ಜಿ ಮೊದಲ ಕಾಣೋದು ನಮಗ, ಅಳಿಸೋದೂ ನಮ್ಮ ಕಸಬರಗಿನ. ಅಂಥಾ ದಿನಾ ಬಂದ್ರ ಕಸಬರಗಿ ಬದಿಗಿಡ್ರಿ. ಹೆಜ್ಜಿ ಮ್ಯಾಲೆ ಒಂದು ಬುಟ್ಟಿ ಬೋರಲ ಹಾಕ್ರಿ. ಬಾಜೂಕ ನಿಮ್ಮ ಬಳಿ ಇಟ್ಟು ಮೊಬೈಲಿನ್ಯಾಗ ಫೋಟೋ ತಗೀರಿ, ಅಳತಿ ತಿಳೀತೈತಿ. ಆಮ್ಯಾಲೆ ಫೋನ್ ಮಾಡ್ರಿ.

ಓಣ್ಯಾಗಿನಾಕಿಗೆ ಇದನ್ನೆಲ್ಲಾ ಹೇಳಿದೆ. ಸುಮ್ಮನ ಕೇಳಿದ್ಲು. ನಿನ್ನೆ ಬಂದು, "ವೈನಿ, ಗ್ವಾಡಿ ಹಿಂದ ಕಸಾ ಹೊಡಿಯೋದು ಬಿಟ್ಟಿದ್ದೆ, ಬಂದು ನೋಡ್ರಿ" ಅಂದ್ಲು. ಹೋಗಿ ನೋಡಿದೆ. ಒಣಗಿದ ರಾಡ್ಯಾಗ ಹತ್ತಿಪ್ಪತ್ತು ಹೆಜ್ಜಿ, ಉಗುರು ಮೂಡ್ಯಾವ, ಒಂದರ ಮ್ಯಾಲೊಂದು ಅಡ್ಡಾದಿಡ್ಡಿ. ಆಕಿ ಗಂಡ ತಂದಿಟ್ಟಿದ್ದ ವಿಷದ ಪುಡಿಕಿ ಇನ್ನೂ ಮಾಡದಾಗ ಇತ್ತು. ಅದನ್ನ ತಗೊಂಡು ಹೋಗಿ ಅಂಗಡಿಗೆ ವಾಪಸ್ ಕೊಟ್ಟು ಬಂದ್ಲು.