ಸಾಂಬ್ರಾದ ಹಂಟರ್‌ಗೆ ಯಾವ ಬಣ್ಣ?

ಕಾಕತಿ ಎಂದೊಡನೆ ಕಿತ್ತೂರು ರಾಣಿ ಚೆನ್ನಮ್ಮನ ತವರು ನೆನಪಾಗುತ್ತದೆ. ಬೆಳಗಾವಿಯ ಪೂರ್ವ ದಿಕ್ಕಿಗಿರುವ ಸಾಂಬ್ರಾಕ್ಕೆ ಅಂಥ ಹೆಸರಿಲ್ಲ. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಅಲ್ಲಿ ಕಟ್ಟಿದ ವಿಮಾನ ನೆಲೆಯಿಂದಲೇ 1961ರ ಡಿಸೆಂಬರ್ 18ರಂದು ಆರು ಹಂಟರ್ ಯುದ್ಧವಿಮಾನಗಳು ಗೋವೆಯತ್ತ ಹಾರಿದವು. ಪೋರ್ಚುಗೀಸರ ಬಾಂಬೋಲಿಂ ನಿಸ್ತಂತು ಕೇಂದ್ರ ಅವುಗಳ ಗುರಿ. ನೇರವಾಗಿ ಅಳೆದರೆ ಸುಮಾರು 90 ಕಿಲೋಮೀಟರ್. ನಡುವೆ ಖಾನಾಪುರದ ಕಾಡು, ಸಹ್ಯಾದ್ರಿಯ ಅಂಚು. ಜೆಟ್ ವಿಮಾನಕ್ಕೆ ಏಳೆಂಟು ನಿಮಿಷದ ಹಾದಿ. ಮರುದಿನ ರಾತ್ರಿ ಪೋರ್ಚುಗೀಸರು ಶರಣಾದರು.

ಈ ಹಂಟರ್‌ನ ಪುಟ್ಟ ಪ್ರತಿಕೃತಿಯನ್ನು ಮನೆಯಲ್ಲಿ ಜೋಡಿಸಿ ಬಣ್ಣ ಬಳಿಯುವ ಹವ್ಯಾಸಿಗಳಿದ್ದಾರೆ. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಮಹಾಯುದ್ಧದಲ್ಲಿ ಆಕಾಶದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಕಲಿಸಿದ್ದೇ ಇಂಥ ಮಾದರಿಗಳು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಕೇಳಿತ್ತು. ಅವೆಲ್ಲ ಕಪ್ಪು, ಕಲಿಯಬೇಕಾದದ್ದು ಆಕಾರ ಮಾತ್ರ. ಆಗ ರೂಢಿಗೆ ಬಂದ ಅಳತೆ 72ರಲ್ಲಿ ಒಂದು ಭಾಗ. ಆರಡಿ ಮನುಷ್ಯ ಒಂದಂಗುಲವಾಗುತ್ತಾನೆ. ಸುಮಾರು 14 ಮೀಟರ್ ಉದ್ದದ ಹಂಟರ್ 19 ಸೆಂಟಿಮೀಟರಿಗೆ ಇಳಿಯುತ್ತದೆ.

ಆಕಾರ ಕುಗ್ಗಿಸುವುದು ಲೆಕ್ಕದ ಮಾತು. ಬಣ್ಣ ಹಾಗಲ್ಲ. ಅಸಲಿ ವಿಮಾನದ ಬಣ್ಣವನ್ನೇ ತಂದು ಬಳಿದರೂ ಮಾದರಿ ಕಪ್ಪಗೆ, ಆಟಿಕೆಯಂತೆ ಕಾಣುತ್ತದೆ. ಅಂಗೈಯಲ್ಲಿ ಹಿಡಿದು 30 ಸೆಂಟಿಮೀಟರ್ ದೂರದಿಂದ ನೋಡುವ ಮಾದರಿಯೆಂದರೆ, ಅಸಲಿ ವಿಮಾನವನ್ನು ಇಪ್ಪತ್ತೊಂದು ಮೀಟರಿಗೂ ಹೆಚ್ಚು ದೂರದಿಂದ ನೋಡಿದ ಹಾಗೆ. ದೂರದ ಗುಡ್ಡ ತಿಳಿಯಾಗಿ ಕಾಣುವಂತೆ ದೂರದ ಬಣ್ಣವೂ ತಿಳಿಯಾಗಬೇಕು. ಅದಕ್ಕೇ ಬಲ್ಲವರು ಬಣ್ಣಕ್ಕೆ ಕೊಂಚ ಬಿಳಿ ಬೆರೆಸುತ್ತಾರೆ. ತಳಬಣ್ಣ ಮೊದಲು, ಆಮೇಲೆ ತಿಳಿ ಬಣ್ಣ, ಕೊನೆಗೆ ಗಾಢ ಬಣ್ಣ. ಎಲ್ಲವೂ ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದು. ಕಿನ್ನಾಳದ ಚಿತ್ರಗಾರರೂ ಮರದ ಬೊಂಬೆಗೆ ಮೊದಲು ಬಿಳಿ ಲೇಪ ಕೊಟ್ಟೇ ಬಣ್ಣಕ್ಕೆ ಕೈ ಹಾಕುವುದು.

ಸಾಂಬ್ರಾದ ಹಂಟರ್ ಯಾವ ಬಣ್ಣದ್ದು? ಭಾರತ 1957ರಲ್ಲಿ ಬ್ರಿಟನ್ನಿಗೆ 160 ಹಂಟರ್‌ಗಳ ಬೇಡಿಕೆ ಇಟ್ಟಿತು. ಅವು ಬ್ರಿಟಿಷ್ ವಾಯುಪಡೆಯ ಪದ್ಧತಿಯಂತೆ ಮೇಲೆ ಗಾಢ ಹಸಿರು ಮತ್ತು ಗಾಢ ಬೂದು ಪಟ್ಟೆ, ಕೆಳಗೆ ಬೆಳ್ಳಿ ಬಣ್ಣ ಹೊತ್ತು ಬಂದವು. ಮೇಲಿನಿಂದ ನೋಡುವವನಿಗೆ ನೆಲದೊಡನೆ ಬೆರೆಯಬೇಕೆಂಬುದು ಹಸಿರಿನ ಉದ್ದೇಶ. ಇಂದಿನ ತೇಜಸ್ ಬೂದು ಬಣ್ಣದ್ದು. ಅದು ಆಕಾಶದೊಡನೆ ಬೆರೆಯಬೇಕು. ಆ ಬೂದು ಬಣ್ಣವನ್ನು 1961ರ ಹಂಟರ್‌ಗೆ ಬಳಿದರೆ ಮಾದರಿ ಎಷ್ಟೇ ನಾಜೂಕಾಗಿರಲಿ, ಚರಿತ್ರೆ ತಪ್ಪುತ್ತದೆ. ಕಪ್ಪು ಬಿಳುಪು ಛಾಯಾಚಿತ್ರವನ್ನು ನಂಬಿ ಕೂತರೂ ಕಷ್ಟವೇ. ಆ ಹಸಿರೂ ಆ ಬೂದೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ.

ರೆಕ್ಕೆಯ ಮೇಲಿನ ವೃತ್ತಕ್ಕೂ ತನ್ನದೇ ಕಥೆಯಿದೆ. ಬರ್ಮಾ ಯುದ್ಧದಲ್ಲಿ ಬ್ರಿಟಿಷ್ ಗುರುತಿನ ನಡುವಿನ ಕೆಂಪು ಚುಕ್ಕೆ ಜಪಾನಿನ ಕೆಂಪು ಸೂರ್ಯನಂತೆ ಕಂಡು ಗುಂಡಿಗೆ ಗುರಿಯಾಗುವ ಭಯವಿತ್ತು. ಅದನ್ನು ಅಳಿಸಿ ಭಾರತದ ವಿಮಾನಗಳಿಗೂ ನೀಲಿಯ ಎರಡು ಛಾಯೆ ಬಳಿದರು. ಸ್ವಾತಂತ್ರ್ಯಾನಂತರ ಬಂದದ್ದು ಹೊರಗೆ ಕೇಸರಿ, ಒಳಗೆ ಬಿಳಿ, ನಡುವೆ ಹಸಿರು. ಮಾದರಿಯಲ್ಲಿ ಇದನ್ನು ಕುಂಚದಿಂದ ಬರೆಯುವುದು ಕಡಿಮೆ. ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ಅಂಟಿಸುವ ಚಿತ್ರ ಸಿಗುತ್ತದೆ.

ಉಳಿದದ್ದು ವಿಮಾನದ ಸಂಖ್ಯೆ. ಆ 160 ಹಂಟರ್‌ಗಳು ಬಿಎ 201ರಿಂದ 360ರವರೆಗೆ ಸಂಖ್ಯೆ ಪಡೆದಿದ್ದವು. ಪೆಟ್ಟಿಗೆಯಲ್ಲಿ ಬಂದ ಯಾವುದೋ ಸಂಖ್ಯೆಯನ್ನು ಅಂಟಿಸಿ ಕಪಾಟಿನಲ್ಲಿಟ್ಟರೆ ಅದೊಂದು ಹಂಟರ್ ಅಷ್ಟೇ. ಸಾಂಬ್ರಾದ ಹಂಟರ್ ಬೇಕೆನ್ನುವವನು ಕುಂಚ ಕೆಳಗಿಟ್ಟು, ಆ ಡಿಸೆಂಬರಿನಲ್ಲಿ ಬೆಳಗಾವಿಗೆ ಬಂದಿದ್ದ ಪಡೆಯ ದಾಖಲೆ ಹುಡುಕಿ ಹೊರಡಬೇಕು.