ಬೂದು ಬಿದಿರು ಶಾರ್ಕ್: ವರ್ಗೀಕರಣ ಮತ್ತು ಜೀವನಕ್ರಮ

ಮೀನುಗಾರಿಕೆ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ದಾವಣಗೆರೆ ನಗರ ಹಾಗೂ ಹರಿಹರದ ಮೀನು ಮಾರಾಟಗಾರರ ಮತ್ತು ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ತುಂಗಭದ್ರಾ ನದಿಯ ಬಾಳೆ ಮೀನನ್ನು ‘ಸಿಹಿನೀರಿನ ಶಾರ್ಕ್’ ಎಂದು ಕರೆಯುವ ರೂಢಿಯಿದೆ. ವಾಸ್ತವವಾಗಿ ಅದು ಶಾರ್ಕ್ ಅಲ್ಲ. ಮೂಳೆಯ ಅಸ್ಥಿಪಂಜರವುಳ್ಳ, ಮೀಸೆಮೀನುಗಳ ಗಣಕ್ಕೆ ಸೇರಿದ ಮೀನು. ಶಾರ್ಕ್‌ಗಳ ಅಸ್ಥಿಪಂಜರವು ಮೃದ್ವಸ್ಥಿಯಿಂದಾಗಿರುತ್ತದೆ. ನಮ್ಮ ರಾಜ್ಯದಲ್ಲಿ ತಳವಾಸಿಯಾದ ಸಣ್ಣ ಶಾರ್ಕ್ ಅನ್ನು ಕಾಣಬೇಕಾದರೆ ಕರಾವಳಿಗೇ ಹೋಗಬೇಕು. ಬೂದು ಬಿದಿರು ಶಾರ್ಕ್ ಅಂತಹ ಒಂದು ಜಾತಿ.

ಇದರ ವೈಜ್ಞಾನಿಕ ನಾಮ ಕೈಲೊಸಿಲಿಯಂ ಗ್ರಿಸಿಯಂ. ಜರ್ಮನಿಯ ಪ್ರಾಣಿಶಾಸ್ತ್ರಜ್ಞರಾದ ಮ್ಯುಲ್ಲರ್ ಮತ್ತು ಹೆನ್ಲೆ 1838ರಲ್ಲಿ ಇದನ್ನು ಹೆಸರಿಸಿದರು. ಇದು ಹೆಮಿಸಿಲಿಡೇ ಕುಟುಂಬಕ್ಕೆ, ಒರೆಕ್ಟೊಲೋಬಿಫಾರ್ಮಿಸ್ ಗಣಕ್ಕೆ ಸೇರುತ್ತದೆ. ಬೃಹತ್ತಾದ ತಿಮಿಂಗಿಲ ಶಾರ್ಕ್ ಸಹ ಇದೇ ಗಣದ್ದೆಂಬುದು ಸೋಜಿಗದ ಸಂಗತಿ.

ಈ ಮೀನು ಸುಮಾರು 77 ಸೆಂ.ಮೀ.ಗಿಂತ ಹೆಚ್ಚು ಬೆಳೆಯುವುದಿಲ್ಲ. ಗಂಡು 45ರಿಂದ 55 ಸೆಂ.ಮೀ. ಉದ್ದದಲ್ಲಿಯೇ ಪ್ರೌಢಾವಸ್ಥೆಗೆ ಬರುತ್ತದೆ. ಆದುದರಿಂದ ಅರ್ಧ ಮೀಟರಿನ ಬಿದಿರು ಶಾರ್ಕ್ ಅನ್ನು ದೊಡ್ಡ ಶಾರ್ಕಿನ ಮರಿಯೆಂದು ಭಾವಿಸುವುದು ಸರಿಯಲ್ಲ. ತೆಳುವಾದ ದೇಹ, ಉದ್ದನೆಯ ಬಾಲ, ಮೂಗಿನ ಬಳಿ ಗಿಡ್ಡ ಮೀಸೆಗಳು, ಕಣ್ಣುಗಳಿಗಿಂತ ಮುಂದಿರುವ ಬಾಯಿ, ಮುಳ್ಳಿಲ್ಲದ ಎರಡು ಬೆನ್ನುರೆಕ್ಕೆಗಳು ಇದರ ಗುರುತುಗಳು. ಮರಿಯ ಮೈಮೇಲಿನ ಕಪ್ಪು ಪಟ್ಟೆಗಳು ಬೆಳೆದಂತೆ ಮಾಸುತ್ತವೆ. ತಳದ ಸಣ್ಣ ಅಕಶೇರುಕಗಳು ಇದರ ಆಹಾರ.

ಬಾಳೆ ಮೀನು ಮುಂಗಾರಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಬಿದಿರು ಶಾರ್ಕ್ ಹಾಗಲ್ಲ. ಚೀಲದಂತಹ ಗಟ್ಟಿ ಕವಚವುಳ್ಳ ಕೆಲವೇ ಮೊಟ್ಟೆಗಳನ್ನು ಸಮುದ್ರದ ತಳದಲ್ಲಿ ಇಡುತ್ತದೆ. ಅವು ಮರಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ತಳವನ್ನು ಬಾಚುವ ಟ್ರಾಲ್ ಬಲೆಗೆ ತಾಯಿಯೂ ಮೊಟ್ಟೆಯೂ ಸಿಕ್ಕುವುದರಿಂದ ಸಂತತಿ ಚೇತರಿಸಿಕೊಳ್ಳುವುದು ನಿಧಾನ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೊಳಗಾಗಬಹುದಾದ ಜಾತಿಗಳ ಪಟ್ಟಿಯಲ್ಲಿ ಸೇರಿಸಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿದೆಯಾದರೂ, ಆ ಅವಧಿ ಕಳೆದ ಮೇಲೂ ತಳದಲ್ಲಿ ಒಡೆಯದ ಮೊಟ್ಟೆಗಳು ಉಳಿದಿರಬಹುದು.

ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬರುವ ಮೀನನ್ನು ಕೊಳ್ಳುವ ವ್ಯಾಪಾರಿಗಳು ತಲೆ ಮತ್ತು ರೆಕ್ಕೆ ಸಹಿತವಾದ ಇಡೀ ಮೀನನ್ನೇ ಪಡೆಯುವುದು ಒಳಿತು. ತುಂಡಾದ ಮೇಲೆ ಜಾತಿಯನ್ನು ಗುರುತಿಸುವುದು ಕಷ್ಟ. ತಿಮಿಂಗಿಲ ಶಾರ್ಕ್ ಮೊದಲಾದ ಕೆಲವು ಜಾತಿಗಳಿಗೆ 2001ರಿಂದ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ರಕ್ಷಣೆಯಿದ್ದು, ಅವುಗಳ ಮಾರಾಟವು ಶಿಕ್ಷಾರ್ಹವಾಗಿರುತ್ತದೆ. ಎಲ್ಲ ಜಾತಿಯ ಶಾರ್ಕ್ ರೆಕ್ಕೆಗಳ ರಫ್ತನ್ನು 2015ರಲ್ಲಿ ನಿಷೇಧಿಸಲಾಗಿದೆ.