ನೂರು ಮೀಟರಿನ ಜಗಳ

ಸ್ಮಾರಕದ ಸುತ್ತಲಿನ ನೂರು ಮೀಟರ್ ಯಾರದು? 1958ರ ಪ್ರಾಚೀನ ಸ್ಮಾರಕ ಕಾಯ್ದೆಯಡಿ 1992ರಲ್ಲಿ ಹೊರಟ ಅಧಿಸೂಚನೆ, ಅಷ್ಟು ದೂರದೊಳಗೆ ಹೊಸ ಕಟ್ಟಡ ಕೂಡದು ಎಂದಿತು; ಅದರಾಚೆಗಿನ ಇನ್ನೂರು ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. 2010ರ ತಿದ್ದುಪಡಿ ಈ ನಿಷೇಧವನ್ನು ಕಾಯ್ದೆಯೊಳಕ್ಕೇ ತಂದಿತು. ಏಳೇ ವರ್ಷಕ್ಕೆ ಅದನ್ನು ಸಡಿಲಿಸುವ ಮಸೂದೆ ಬಂತು: ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ ನೂರು ಮೀಟರಿನೊಳಗೂ ಅವಕಾಶವಿರಲಿ ಎಂದು. ಲೋಕಸಭೆ 2018ರ ಜನವರಿಯಲ್ಲಿ ಒಪ್ಪಿಯೂ ಬಿಟ್ಟಿತು.

ಸಡಿಲಿಕೆ ಬೇಕೆನ್ನುವವರ ದೂರು ಸುಳ್ಳಲ್ಲ. ವಿಜಯಪುರ, ಬಾದಾಮಿಯಂಥ ಊರುಗಳಲ್ಲಿ ಸ್ಮಾರಕವೂ ಓಣಿಯೂ ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ತಲೆಮಾರುಗಳಿಂದ ಅಲ್ಲಿರುವವರು ಹಳೆಯ ಮನೆಯ ದುರಸ್ತಿಗೂ ಅನುಮತಿ ಕೇಳಬೇಕು. ಆದರೆ ಮಸೂದೆ ಅವರಿಗೆ ಕೊಟ್ಟದ್ದೇನು? ಏನೂ ಇಲ್ಲ. ಕೇಳಿದ್ದು ಒಂದು ಕೋಣೆ, ದಾರಿ ಸಿಕ್ಕಿದ್ದು ಹೆದ್ದಾರಿಗೆ. ಅಡಿಪಾಯ ಅಗೆಯುವ ಯಂತ್ರದ ಅದುರು ಸರ್ಕಾರಿಯೋ ಖಾಸಗಿಯೋ ಎಂದು ಹಳೆಯ ಗೋಡೆ ವಿಚಾರಿಸುವುದಿಲ್ಲ. ಅಭಿವೃದ್ಧಿಗೆ ಬೇರೆ ದಾರಿಯೇ ಇಲ್ಲ ಎಂಬ ಮಾತೂ ಪೂರ್ತಿ ನಿಲ್ಲದು. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ಸರಿಸಲಾಯಿತು. ಸರಿಸಿದ್ದು ಸರಿಯೇ ಎಂಬುದು ಬೇರೆ ಜಗಳ. ಕೆಡವದೆಯೂ ಹಳಿ ಹಾಕಬಹುದೆಂದಂತೂ ತೋರಿತು. ಓಣಿಯವರ ಕಷ್ಟಕ್ಕೆ ದುರಸ್ತಿಯ ಅನುಮತಿಯನ್ನು ಬೇಗ ಕೊಟ್ಟರಾಯಿತು, ನಿಷೇಧವನ್ನೇ ಮುರಿಯಬೇಕಿಲ್ಲ.